ಪಟ್ಟಾದ ಗಾಡಿ, ಚೈನಿನ ಗಾಡಿ

೧೯೨೬ರ ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ನಾನು ಬೆಳಗಾವಿಯಲ್ಲಿ ಎರಡು ಹಳೆಯ ಮೋಟಾರ್‌ಸೈಕಲ್ಲುಗಳನ್ನು ನೋಡಿ ಒಂದನ್ನು ತೆಗೆದುಕೊಂಡೆ. ನಾನಾಗ ಒಂದು ವಾರಪತ್ರಿಕೆಯಲ್ಲಿ ಸುದ್ದಿ ಬರೆಯುತ್ತಿದ್ದೆ. ಪತ್ರಿಕೆಯ ಮಾಲಕರ ಗಾಡಿಯನ್ನು ದಂಡಿನ ಕ್ಯಾಂಪಿನ ಮೈದಾನದಲ್ಲಿ ಕೆಲವು ಸಲ ನಡೆಸಿದ್ದಷ್ಟೇ ನನ್ನ ಅನುಭವ.

ಗಾಡಿ ಬೇಕಾದದ್ದು ಹೆಂಡತಿಯ ಹೆರಿಗೆಗಾಗಿ. ಅವಳ ತವರು ಖಾನಾಪುರ. ಎರಡು ಮಳೆಗಾಲಗಳ ಹಿಂದೆ ಅದೇ ಮನೆಯಲ್ಲಿ ಅವಳ ಅಕ್ಕ ಹೆರಲಾಗದೆ ತೀರಿಕೊಂಡಿದ್ದಳು. ಇದು ತನ್ನ ಕೈಲಾಗದ್ದು ಎಂದು ಸೂಲಗಿತ್ತಿ ಹೇಳುವ ಹೊತ್ತಿಗೆ ಬೆಳಗಿನ ರೈಲು ಹೋಗಿತ್ತು. ರಸ್ತೆ ಕೆಸರಾಗಿ, ಜನರನ್ನು ಸಾಗಿಸುವ ಸರ್ವಿಸ್ ಮೋಟಾರು ನಿಂತಿತ್ತು. ಎತ್ತಿನ ಗಾಡಿ ಕಟ್ಟಿ ಬೆಳಗಾವಿಗೆ ಕಳಿಸಿದರು. ಅದು ನರ್ಸನ್ನು ಕರೆತಂದಾಗ ಹೆಣ ಅಂಗಳದಲ್ಲಿತ್ತು. ಇದನ್ನು ನಾನು ಆ ಮನೆಯ ಎಲ್ಲರ ಬಾಯಿಂದ ಕೇಳಿದ್ದೇನೆ. ಹೆಂಡತಿ ಮಾತ್ರ ಒಂದೇ ಸಲ ಹೇಳಿದ್ದಳು.

"ಕೊನೀತನಾ ಅಕ್ಕ ಒಂದs ಕೇಳತಿದ್ದಳ್ರಿ, ಗಾಡಿ ಬಂತೇನು ಅಂತ."

ಅವಳನ್ನು ಬೆಳಗಾವಿಯಲ್ಲೇ ಇಟ್ಟುಕೊಳ್ಳೋಣ ಎಂದು ನಾನು ಕೇಳಿ ನೋಡಿದೆ. ಬಸುರಿಗೆ ಕುಬಸದ ಶಾಸ್ತ್ರ ಮಾಡಿ ತವರಿಗೆ ಕರೆದುಕೊಂಡು ಹೋದ ಮಗಳನ್ನು ಬಾಣಂತನ ಮುಗಿಯುವ ತನಕ ಹೊಸ್ತಿಲು ದಾಟಿಸುವುದಿಲ್ಲ ಎಂದರು ಅತ್ತೆ. ಹಿರಿಯ ಮಗಳು ಸತ್ತ ಮನೆಯಲ್ಲಿ ಪದ್ಧತಿ ಮುರಿಯಲು ಅವರಿಗೆ ಇನ್ನಷ್ಟು ಭಯ. ಹಾಗಾಗಿ ಹೆಂಡತಿ ಬರುವಂತಿರಲಿಲ್ಲ, ನರ್ಸೇ ಹೋಗಬೇಕಿತ್ತು. ದವಾಖಾನೆಯ ನರ್ಸಬಾಯಿ, ಕೂರಲು ಜಾಗ ಇರುವ ಯಾವ ಗಾಡಿ ಕಳಿಸಿದರೂ ಬರುತ್ತೇನೆ ಎಂದು ಒಪ್ಪಿದರು. ಮಾವ ಅಕ್ಕಿಯ ವ್ಯಾಪಾರಿ, ಹೊಲವೂ ಇತ್ತು. ಹಣ ಕೊಡುವುದು ತಾನು, ಆರಿಸುವುದು ಅಳಿಯ ಎಂದರು. ಆರಿಸುವುದೇ ನನ್ನನ್ನು ಹೆದರಿಸಿತು.

ಮೊದಲನೆಯದು ಯುದ್ಧಕ್ಕೂ ಮುಂಚಿನದು. ವಿಲಾಯತಿಗೆ ಮರಳುತ್ತಿದ್ದ ಕ್ಯಾಂಪಿನ ಸಾಹೇಬರೊಬ್ಬರದು. ಇಂಜಿನ್ನಿನಿಂದ ಹಿಂದಿನ ಗಾಲಿಗೆ ಚರ್ಮದ ಪಟ್ಟಾ, ಪಕ್ಕದಲ್ಲಿ ಬೆತ್ತದಿಂದ ಹೆಣೆದ ತೊಟ್ಟಿಲಿನಂಥ ಆಸನ. ಮೈಲಿ ತೋರಿಸುವ ಮುಳ್ಳು ಎರಡು ಸಾವಿರವನ್ನೂ ಸರಿಯಾಗಿ ದಾಟಿರಲಿಲ್ಲ. ಬಣ್ಣ ಹೊಳೆಯುತ್ತಿತ್ತು. ಸಾಹೇಬರ ಬಟ್ಲರನು ಅದನ್ನು ಮಳೆಯಲ್ಲಿ ಒಮ್ಮೆಯೂ ಹೊರಗೆ ತೆಗೆದಿಲ್ಲ ಎಂದು ಹೆಮ್ಮೆಯಿಂದ ಹೇಳಿದ.

ಎರಡನೆಯದು ನಾಲ್ಕು ವರ್ಷದ್ದು, ಕಟ್ಟಿಗೆ ಗುತ್ತಿಗೆದಾರನೊಬ್ಬನದು. ಪಟ್ಟಾದ ಬದಲು ಚೈನು. ಅಡವಿಯ ದಾರಿಗಳಲ್ಲಿ ಹದಿನೆಂಟು ಸಾವಿರ ಮೈಲಿ ತಿರುಗಿತ್ತು. ಪಕ್ಕದ ಆಸನ ತಗಡಿನದು. ಅದರಲ್ಲಿ ಗರಗಸ, ಕೊಡಲಿ ಸಾಗಿಸಿ ಅಂಚು ಹರಿದಿತ್ತು. ಶುರುಮಾಡಿದರೆ ಇಡೀ ಗಾಡಿ ಗಲಗಲ ಅನ್ನುತ್ತಿತ್ತು.

ಬೆಳಗಾವಿಗೆ ಬಂದಿದ್ದ ಮಾವ ಎರಡನ್ನೂ ಸುತ್ತು ಹಾಕಿ ನೋಡಿದರು. "ಎತ್ತಿಂದಾದ್ರ ಹಲ್ಲ ನೋಡಬಹುದು. ಇದರ ಬಾಯಿ ಎಲ್ಲೈತಿ ಅಳ್ಯಾರ?" ಎಂದು ಕೇಳಿದರು. ಆಮೇಲೆ ತಾವೇ ತೀರ್ಪು ಕೊಟ್ಟರು. ವಯಸ್ಸಾದರೂ ನೊಗ ಹೊರದ ಎತ್ತು ಗಟ್ಟಿ ಇರುತ್ತದೆ. ಹರೆಯದ್ದಾದರೂ ಕಲ್ಲು ಬಂಡಿ ಎಳೆದು ಎಳೆದು ಹೆಗಲು ಹುಣ್ಣಾದದ್ದು ದಾರಿಯಲ್ಲೇ ಮಲಗುತ್ತದೆ. ನನಗೂ ಸರಿ ಅನ್ನಿಸಿತು. ಸಾಹೇಬರು ಗಾಡಿಯನ್ನು ಪರೀಕ್ಷೆಗೆ ಒಯ್ಯಲು ಬಿಟ್ಟರು.

ಮಾವನನ್ನು ಬೆತ್ತದ ಆಸನದಲ್ಲಿ ಕೂರಿಸಿಕೊಂಡು ಖಾನಾಪುರಕ್ಕೆ ಹೋದೆ. ಒಣ ರಸ್ತೆಯಲ್ಲಿ ಗಾಡಿ ಹೊಲಿಗೆ ಯಂತ್ರದಂತೆ ನಡೆಯಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಸಪ್ಪಳ ಎಷ್ಟು ದೂರದಿಂದ ಕೇಳಿಸಿತು ಎಂದು ಕೇಳಿದೆ. ಅವಳು ಊಟಕ್ಕೆ ಬಡಿಸಲು ಒಳಗೆ ಹೋದಳು.

ನಾನು ಊಟಕ್ಕೆ ಕುಳಿತಾಗ ಮಾವ ಅಂಗಳದಲ್ಲೇ ಉಳಿದರು. ಅವರ ಮನೆಯಲ್ಲಿ ಮಳೆಗಾಲಕ್ಕೆ ಮೊದಲು ಬಾವಿಯಿಂದ ನೀರೆತ್ತುವ ತೊಗಲಿನ ಚೀಲಕ್ಕೆ, ಎತ್ತಿನ ಕೊರಳಪಟ್ಟಿಗೆ, ಚಪ್ಪಲಿಗೆ ಎಣ್ಣೆ ಕುಡಿಸುವುದು ವಾಡಿಕೆ. ಇಲ್ಲವಾದರೆ ಚರ್ಮ ಬಿರುಕು ಬಿಡುತ್ತದೆ. ಗಾಡಿಯ ಪಟ್ಟಾ ಒಣಗಿದ್ದು ಕಂಡು, ಯಾರಿಗೂ ಹೇಳದೆ, ಅದಕ್ಕೂ ಹೊಂಗೆಎಣ್ಣೆ ಚೆನ್ನಾಗಿ ತಿಕ್ಕಿದ್ದಾರೆ.

ಊಟವಾದ ಮೇಲೆ ಹೊಳೆಯಿಂದ ಮೇಲಕ್ಕೆ ಹತ್ತುವ ಏರಿನಲ್ಲಿ ಎಳೆತ ನೋಡೋಣ ಎಂದು ಇಬ್ಬರೂ ಹೊರಟೆವು. ಏರಿನ ಅರ್ಧದಲ್ಲಿ ಇಂಜಿನ್ನು ಚೀರತೊಡಗಿತು, ಗಾಲಿ ನಿಂತಿತು. ಎಣ್ಣೆ ಕುಡಿದ ಪಟ್ಟಾ ರಾಟೆಯ ಮೇಲೆ ಸುಮ್ಮನೆ ಜಾರುತ್ತಿತ್ತು. ಗಾಡಿ ಹಿಂದಕ್ಕೆ ಸರಿಯಿತು. ಬ್ರೇಕು ಒತ್ತಿದೆ. ಆ ಗಾಡಿಯ ಬ್ರೇಕು ಹಿಡಿಯುವುದೂ ಪಟ್ಟಾ ಕೂರುವ ರಾಟೆಯನ್ನೇ. ಅಲ್ಲಿಯೂ ಎಣ್ಣೆ. ಅದು ಹಿಡಿಯಲಿಲ್ಲ. ಕಾಲು ನೆಲಕ್ಕೆ ಊರಿದೆ, ಚಪ್ಪಲಿ ಕಿತ್ತುಹೋಯಿತು. ಮಾವ ಬೆತ್ತದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಹಿಂದೆ ನೀರಿನ ಸಪ್ಪಳ ಜೋರಾಗುತ್ತ ಬಂತು. ಬದಿಯಲ್ಲಿ ರಾಶಿ ಹಾಕಿದ್ದ ರಸ್ತೆಯ ಕಲ್ಲಿಗೆ ಆಸನದ ಗಾಲಿ ಬಡಿದು ಗಾಡಿ ಅಡ್ಡ ನಿಂತಿತು.

ಮಾವ ಇಳಿದರು. ಪಟ್ಟಾ ಮುಟ್ಟಿ ತಮ್ಮ ಬೆರಳು ನೋಡಿಕೊಂಡರು.

"ನನ್ನ ಎಣ್ಣಿಲೇ ಆಗಿದ್ದು ಅಳ್ಯಾರ. ಗಾಡೀದೇನೂ ತಪ್ಪಿಲ್ಲ."

ಅದು ನಿಜ. ಸೀಮೆಎಣ್ಣೆಯಿಂದ ಒರೆಸಿ, ಮೇಲೆ ಮಣ್ಣು ತಿಕ್ಕಿದ ಮೇಲೆ ಅದೇ ಗಾಡಿ ಅದೇ ಏರನ್ನು ಹತ್ತಿತು. ಮಾವ ನಿರಾಳವಾದರು. ನಾನು ಆಗಲಿಲ್ಲ. ಎಣ್ಣೆಯನ್ನು ಒರೆಸಬಹುದು. ಜುಲೈ ತಿಂಗಳಲ್ಲಿ, ಹೆರಿಗೆಯ ಹೊತ್ತಿಗೆ, ಖಾನಾಪುರದ ಮಳೆಯನ್ನು ಯಾರು ಒರೆಸಬೇಕು? ಒದ್ದೆಯಾದ ಚರ್ಮವೂ ಜಾರುತ್ತದೆ. ಬಟ್ಲರನ ಮಾತು ಆಗ ಅರ್ಥವಾಯಿತು.

ಮರುದಿನ ಗುತ್ತಿಗೆದಾರನ ಗಾಡಿ ನಡೆಸಿ ನೋಡಿದೆ. ಅದರ ಭಯ ಬೇರೆ ಥರದ್ದು. ಮುಂದಿನ ಗಾಲಿ ತಾನಾಗಿ ಎಡಕ್ಕೆ ಎಳೆಯುತ್ತಿತ್ತು. ಚೈನಿನ ಕೊಂಡಿಗಳು ಸವೆದು ಸಡಿಲಾಗಿದ್ದವು. ಬೆರಳಿನಿಂದ ಎತ್ತಿದರೆ ಚಕ್ರದ ಹಲ್ಲಿನಿಂದ ಮೇಲೇಳುತ್ತಿದ್ದವು. ಇದೆಷ್ಟು ದಿನ ಬಾಳುತ್ತದೆ ಎಂದು ಕೇಳಿದೆ. ಗುತ್ತಿಗೆದಾರ ನಕ್ಕ. "ನಾಕ ಮಳಿಗಾಲ ಎಳದೈತ್ರಿ. ಐದನೇದ್ದು ನೀವs ಕೇಳ್ರಿ ಅದನ್ನ." ಹೊಸ ಚೈನು ಮುಂಬಯಿಯಿಂದ ಬರಬೇಕು, ಮಳೆಗಾಲದ ನಡುವೆ ಬಂದರೆ ಬಂತು.

ಒಂದು ಗಾಡಿ ಮಳೆಯಲ್ಲಿ ಖಂಡಿತ ಜಾರುತ್ತದೆ, ಇನ್ನೊಂದು ಯಾವಾಗಲೋ ಮುರಿಯುತ್ತದೆ. ಯಾವಾಗಲೋ ಎನ್ನುವುದನ್ನು ಆರಿಸಿದೆ. ಮಾವ ಒಪ್ಪಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಬೆಳಗಾವಿಯ ಮನೆಯಲ್ಲಿ ಆ ಗಾಡಿ ನಿಂತಿದ್ದ ಜೂನ್ ತಿಂಗಳಿಡೀ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಿಗ್ಗೆ ಎದ್ದು ಮೊದಲು ಚೈನು ಮುಟ್ಟಿ ನೋಡುತ್ತಿದ್ದೆ.

ಜುಲೈ ತಿಂಗಳ ಒಂದು ಮುಂಜಾನೆ, ರೈಲು ಹೊರಟುಹೋದ ಮೇಲೆ, ತಂತಿ ಬಂತು. ನೋವು ಶುರುವಾಗಿದೆ, ಸೂಲಗಿತ್ತಿ ನರ್ಸನ್ನು ಕೇಳುತ್ತಿದ್ದಾಳೆ ಎಂದಷ್ಟೇ ಇತ್ತು. ದವಾಖಾನೆಗೆ ಹೋಗಿ ನರ್ಸಬಾಯಿಯನ್ನು ತಗಡಿನ ಆಸನದಲ್ಲಿ ಕೂರಿಸಿದೆ. ಅವರು ಔಷಧದ ಚೀಲವನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಊರು ದಾಟುವುದರೊಳಗೆ ಮಳೆ ದಾರಿಯನ್ನು ಮುಚ್ಚಿತು. ಗುಂಡಿಗೆ ಬಿದ್ದಾಗಲೆಲ್ಲ ಚೈನು ಟಕ್ ಎಂದು ಹಲ್ಲು ಹಾರುತ್ತಿತ್ತು. ಪ್ರತಿ ಸದ್ದಿಗೂ ನಾನು ಬಗ್ಗಿ ಚೈನು ನೋಡುತ್ತಿದ್ದೆ.

"ಇದರಾಗ ಕೂಡಿಸಿ ಹಿಂಗ ಕುಲುಕಿದ್ರ ಯಾವ ಬಸರೀನೂ ಸೂಲಗಿತ್ತಿ ದಾರಿ ಕಾಯೂದಿಲ್ರಿ," ಎಂದರು ನರ್ಸಬಾಯಿ. ನನಗೆ ನಗಲಾಗಲಿಲ್ಲ.

ಇದಲಹೊಂಡದ ಹತ್ತಿರ ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು. ಗಾಡಿ ನಿಧಾನ ಮಾಡಿದೆ. ಅವರು ನನ್ನ ತೋಳು ಹಿಡಿದರು. "ನಿಲ್ಲಸಬ್ಯಾಡ್ರಿ. ನೀವು ಹೆದರೀರಿ ಅಂತ ಅದಕ್ಕ ಗೊತ್ತಾಗಬಾರದು." ನೀರು ಮೊಣಕಾಲಿನ ತನಕ ಬಂತು. ಇಂಜಿನ್ನು ಕೆಮ್ಮಿತು, ನಿಲ್ಲಲಿಲ್ಲ. ಗಾಡಿ ಆಚೆ ದಂಡೆ ಹತ್ತಿತು.

ಮನೆಯ ಬಾಗಿಲಲ್ಲಿ ಮಾವ ಕೊಡೆಯಿಲ್ಲದೆ ನಿಂತಿದ್ದರು. ನರ್ಸಬಾಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಗು ಅಡ್ಡ ಇದೆ ಎಂದು ಅತ್ತೆ ಬಂದು ಹೇಳಿ ಮತ್ತೆ ಒಳಗೆ ಹೋದರು. ಮಾವ ಮತ್ತು ನಾನು ಜಗಲಿಯಲ್ಲಿ ಕುಳಿತೆವು. ಒಳಗಿನ ಸದ್ದು ನಿಂತಾಗಲೆಲ್ಲ ಮಾವ ಎದ್ದು ನಿಲ್ಲುತ್ತಿದ್ದರು.

ಹೊತ್ತು ಮುಳುಗುವ ಮೊದಲು ಹೆಣ್ಣು ಮಗು ಹುಟ್ಟಿತು. ಹೆಂಡತಿಗೆ ಬಂದ ಜ್ವರ ಎಂಟು ದಿನದ ಮೇಲೆ ಇಳಿಯಿತು. ಹೆರಿಗೆಯ ಮರುದಿನ ನರ್ಸಬಾಯಿಯನ್ನು ಬೆಳಗಾವಿಗೆ ಬಿಡಲು ಹೊರಟಾಗ, ದೇಸೂರು ತಲುಪುವ ಮೊದಲು, ಸಪಾಟು ರಸ್ತೆಯಲ್ಲಿ, ಚೈನು ತುಂಡಾಯಿತು. ಅವರು ದೇಸೂರು ಸ್ಟೇಷನ್ನಿನ ತನಕ ನಡೆದುಹೋಗಿ ರೈಲು ಹತ್ತಿದರು.