ಅಡಾಜಣ್ ಮಳಿಗೆಯ ಎರಡನೆಯ ಕಪ್

ಆ ಬೆಳಿಗ್ಗೆ ಮಾಡಿದ ಕೆಲಸಗಳು ಇವು. ನಲ್ಲಿ ನಿಲ್ಲುವ ಮೊದಲು ಬಕೆಟ್ ತುಂಬಿಸಿಟ್ಟೆ. ದೋಸೆ ಹಿಟ್ಟು ಮುಗಿದಿತ್ತು, ಅವಲಕ್ಕಿಗೆ ಒಗ್ಗರಣೆ ಹಾಕಿದೆ. ಮಗಳು ಮೇಘನಾಳ ಡಬ್ಬಿಗೆ ಚಪಾತಿ, ಹುರುಳಿಕಾಯಿ ಪಲ್ಯ. ಯಜಮಾನರ ಅಂಗಿಗಳನ್ನು ಇಸ್ತ್ರಿಗೆ ಕೊಟ್ಟೆ. ಬಾಲ್ಕನಿಯ ತುಳಸಿಗೆ ನೀರು ಹಾಕಿ, ಒಣಗದ ಬಟ್ಟೆಯನ್ನು ಒಳಗೆ ಫ್ಯಾನಿನ ಕೆಳಗೆ ಹರವಿದೆ. ನಾನು ಮಾತ್ರ ಉಪ್ಪು ಖಾರವಿಲ್ಲದ ಮೊಸರನ್ನ ತಿಂದು ಹೊರಟೆ. ಆ ದಿನ ನಾಲಿಗೆಯೇ ನನ್ನ ಉಪಕರಣ. ಅದಕ್ಕೆ ಮೆಣಸಿನಕಾಯಿ ಸೋಕಿಸುವಂತಿರಲಿಲ್ಲ.

ಎರಡು ವರ್ಷದ ಹಿಂದಿನ ಆಗಸ್ಟ್ ತಿಂಗಳು. ಕಾಫಿ ಅಂಗಡಿಗಳ ಒಂದು ದೊಡ್ಡ ಕಂಪನಿಗೆ ನಾನು ಗುತ್ತಿಗೆಯ ಮೇಲೆ ರುಚಿ ಪರೀಕ್ಷಕಿ. ಮದುವೆಗೆ ಮುಂಚೆ ಮೈಸೂರಿನಲ್ಲಿ ಕಾಫಿ ಬೀಜ ಹದಮಾಡುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕಲಿತ ವಿದ್ಯೆ ಅದು. ಯಜಮಾನರಿಗೆ ಬ್ಯಾಂಕಿನಲ್ಲಿ ಮೊದಲು ವಡೋದರಾಕ್ಕೆ, ಆಮೇಲೆ ಸೂರತ್‌ಗೆ ವರ್ಗವಾಯಿತು. ಚಹಾ ಕುಡಿಯುವವರ ನಾಡಿನಲ್ಲಿ ಕಾಫಿ ಕಲಿತವಳಿಗೆ ಏನು ಕೆಲಸ ಎಂದು ನೆಂಟರು ನಗುತ್ತಿದ್ದರು. ಅಂಥ ಊರಿಗೂ ಗಾಜಿನ ಬಾಗಿಲಿನ ಕಾಫಿ ಅಂಗಡಿಗಳು ಬಂದವು, ನನಗೂ ಕೆಲಸ ಸಿಕ್ಕಿತು.

ಆ ವರ್ಷ ಕಂಪನಿ ತನ್ನ ಅಂಗಡಿಗಳಲ್ಲಿ ‘ಸಿಂಗಲ್ ಕಪ್ ಬ್ರೂ’ ಶುರುಮಾಡಿತ್ತು. ನಮ್ಮ ಮನೆಯ ಫಿಲ್ಟರಿನಲ್ಲಿ ಇಡೀ ಸಂಸಾರಕ್ಕೆ ಒಂದೇ ಸಲ ಡಿಕಾಕ್ಷನ್ ಇಳಿಸುತ್ತೇವೆ. ಇದು ಹಾಗಲ್ಲ. ಗಿರಾಕಿ ಕೇಳಿದ ಮೇಲೆ ಅವನ ಪಾಲಿನ ಬೀಜವನ್ನು ಆಗಲೇ ಪುಡಿಮಾಡಿ, ಕೋನ್ ಆಕಾರದ ಕಾಗದದ ಫಿಲ್ಟರಿಗೆ ಹಾಕಿ, ಕುದಿ ಇಳಿದ ನೀರನ್ನು ಸಣ್ಣ ಧಾರೆಯಾಗಿ ಸುತ್ತಿಸಿ ಸುರಿಯಬೇಕು. ಪುಡಿ ಮೊದಲು ಉಬ್ಬುತ್ತದೆ, ಆಮೇಲೆ ಹನಿ ಇಳಿಯುತ್ತದೆ. ಹಾಲು ಸಕ್ಕರೆ ಇಲ್ಲ. ಮೂರು ನಾಲ್ಕು ನಿಮಿಷ ಕಾದರೆ ಸಿಗುವುದು ಒಂದು ದೊಡ್ಡ ಕಪ್. ಬಿಸಿಯಲ್ಲಿ ಕುಡಿದರೆ ಹೂವಿನ ವಾಸನೆ. ಪೂರ್ತಿ ಆರಿದರೆ ಹುಳಿಯೂ ಒಗರೂ ಎದ್ದು ನಿಲ್ಲುತ್ತವೆ.

ಇದರ ಜೊತೆಗೆ ಒಂದು ಸೂಚನೆಯೂ ಬಂದಿತ್ತು: ಬ್ರೂ ಕಾಫಿಗೆ ಎರಡನೆಯ ಖಾಲಿ ಕಪ್ ಕೊಡಕೂಡದು. ಇಬ್ಬರು ಬಂದರೆ ಇಬ್ಬರೂ ಕೊಳ್ಳಬೇಕು. ಆ ಸೂಚನೆಯನ್ನು ಓದಿದಾಗಲೇ ನನ್ನ ಮೈ ಉರಿಯಿತು. ಬೈ-ಟು ಕಾಫಿ ಕುಡಿದು ಬೆಳೆದ ಊರಿನವಳು ನಾನು. ಗೆಳತಿಯೊಂದಿಗೆ ಜಗಳ ಮುಗಿದದ್ದು, ಗಂಡನಾಗುವವರ ಮುಖ ಮೊದಲ ಸಲ ನೋಡಿದ್ದು, ಎಲ್ಲವೂ ಒಂದು ಕಾಫಿ ಎರಡು ಲೋಟದ ಲೆಕ್ಕದಲ್ಲಿಯೇ. ಗುಜರಾತಿನವರಿಗೂ ಇದು ಹೊಸದಲ್ಲ. ರಸ್ತೆ ಬದಿಯ ಚಹಾ ಗಾಡಿಗೆ ಹೋಗಿ ‘ಅಡಧಿ’ ಎಂದರೆ ಸಾಕು, ಅರ್ಧ ಚಹಾ ಬರುತ್ತದೆ.

ಈ ಬ್ರೂ ಕಾಫಿಯ ರುಚಿ ಪರೀಕ್ಷೆ ಅಹಮದಾಬಾದ್‌ನಿಂದ ಶುರುವಾಯಿತು. ಅಲ್ಲಿನ ಅಂಗಡಿಯಲ್ಲಿ ಕಾಫಿ ಚೆನ್ನಾಗಿತ್ತು. ಪಕ್ಕದ ಮೇಜಿಗೆ ವಯಸ್ಸಾದ ಗಂಡ ಹೆಂಡತಿ ಬಂದರು, ಒಂದು ಬ್ರೂ ಹೇಳಿ ಖಾಲಿ ಕಪ್ ಕೇಳಿದರು. ಕೌಂಟರಿನ ಹುಡುಗಿ ತಲೆ ತಗ್ಗಿಸಿ ‘ಅಲೌಡ್ ಇಲ್ಲ’ ಎಂದಳು. ಆ ಹಿರಿಯರು ಅರ್ಧ ಕುಡಿದು, ಕಪ್ಪಿನ ಅಂಚನ್ನು ಕರವಸ್ತ್ರದಿಂದ ಒರೆಸಿ ಹೆಂಡತಿಯ ಕಡೆ ಸರಿಸಿದರು. ಅಷ್ಟರಲ್ಲಿ ಕಾಫಿ ತಣ್ಣಗಾಗಿತ್ತು. ಆಕೆ ಒಂದು ಗುಟುಕು ಕುಡಿದು ಮುಖ ಕಿವುಚಿ, “ಔಷಧಿ ಇದ್ದ ಹಾಗಿದೆ” ಎಂದು ಹಾಗೇ ಬಿಟ್ಟರು. ಗಾಜಿನ ಬಾಗಿಲು, ಮೆತ್ತನೆಯ ಕುರ್ಚಿ, ಮೇಲೆ ಇಂಗ್ಲಿಷ್ ಹಾಡು. ಆ ವಯಸ್ಸಿನವರು ಎಂಜಲು ಒರೆಸಿಕೊಂಡು ಕುಡಿಯಬೇಕು! ವಡೋದರಾದಲ್ಲಿ ನಾನು ನೋಡಿದ್ದು ಅಂಗಡಿಯ ಹಿಂದಿನ ಸಿಂಕನ್ನು. ಅರ್ಧರ್ಧ ಕುಡಿದು ಬಿಟ್ಟ ಕಪ್ಪುಗಳು ಸಾಲಾಗಿ ಕೂತಿದ್ದವು. ಪುಟ್ಟ ಕಪ್ಪಿನ ಚಹಾ ರೂಢಿಯಾದವರಿಗೆ ಅಷ್ಟು ಕರಿಕಾಫಿ ಇಳಿಯುವುದಿಲ್ಲ. ಒಳ್ಳೆಯ ಬೀಜ, ಯಾರೋ ಕೈಯಿಂದ ಆರಿಸಿ ಒಣಗಿಸಿದ್ದು, ಮೋರಿಗೆ ಹೋಗುತ್ತಿತ್ತು.

ಕೊನೆಯದು ಈಗ ನಾವಿರುವ ಸೂರತ್, ನಮ್ಮ ಮನೆಗೆ ಹತ್ತಿರದ ಅಡಾಜಣ್ ಬಡಾವಣೆಯ ಮಳಿಗೆ. ಆ ಬೆಳಿಗ್ಗೆ ನಾನು ಹೊರಟದ್ದು ಅಲ್ಲಿಗೇ. ಅಲ್ಲಿನ ಮ್ಯಾನೇಜರ್ ಹೆತಲ್ ಬೆನ್. ಬೆನ್ ಎಂದರೆ ಅಕ್ಕ. ನಲವತ್ತರ ಆಸುಪಾಸು, ಗಟ್ಟಿ ದನಿ. ಗಂಡ ಇದೇ ಊರಿನ ಕತಾರ್‌ಗಾಮ್‌ನಲ್ಲಿ ವಜ್ರಕ್ಕೆ ಸಾಣೆ ಹಿಡಿಯುತ್ತಿದ್ದವರು. ಕೆಲಸ ಕಮ್ಮಿಯಾಗಿ ಆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮನೆ ನಡೆಯುತ್ತಿದ್ದುದು ಈಕೆಯ ಸಂಬಳದಲ್ಲಿ. ಈಕೆಯ ಮೇಲೆ ದೂರಿತ್ತು: ಕೇಳಿದವರಿಗೆಲ್ಲ ಎರಡನೆಯ ಕಪ್ ಕೊಡುತ್ತಾಳೆ.

ಕೊಡುತ್ತಿದ್ದುದು ನಿಜ. ನಾನು ಹೋದಾಗ ಕಿಟಕಿಯ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು, ತರಕಾರಿ ಚೀಲ ಕಾಲ ಬಳಿ. ಹೆತಲ್ ಬೆನ್ ಎರಡು ಚಿಕ್ಕ ಕಪ್ಪುಗಳನ್ನು ಬಿಸಿನೀರಿನಿಂದ ತೊಳೆದು ಬೆಚ್ಚಗೆ ಮಾಡಿ, ಇಳಿದ ಕಾಫಿಯನ್ನು ಸಮನಾಗಿ ಹಂಚಿದರು.

“ಇನ್ನೂ ಸ್ವಲ್ಪ ಹಾಕು, ಜಿಪುಣಿ,” ಎಂದರು ಒಬ್ಬರು.

“ಕಾಕಿ, ಇದಕ್ಕಿಂತ ಜಾಸ್ತಿ ಕುಡಿದರೆ ರಾತ್ರಿ ಗೂಬೆಯ ಹಾಗೆ ಕೂತಿರ್ತೀರಿ, ಕಾಕಾ ನನ್ನನ್ನ ಬೈತಾರೆ,” ಎಂದರು ಹೆತಲ್ ಬೆನ್. ಕಾಕಿ ಎಂದರೆ ಚಿಕ್ಕಮ್ಮ, ಕಾಕಾ ಆಕೆಯ ಗಂಡ.

ಇಬ್ಬರೂ ನಕ್ಕರು, ಕಪ್ ಖಾಲಿಮಾಡಿದರು, ಇನ್ನೊಂದು ಹೇಳಿದರು. ನನಗೂ ಹೆತಲ್ ಬೆನ್ ಹಾಗೆಯೇ ಎರಡು ಭಾಗ ಮಾಡಿ ಕೊಟ್ಟರು. ಒಂದೇ ಕಪ್ಪಿನಲ್ಲಿ ಇಳಿಸಿದ್ದನ್ನೂ ಪಕ್ಕದಲ್ಲಿಟ್ಟುಕೊಂಡು ಚಮಚದಿಂದ ಹೀರಿ ನೋಡಿದೆ. ವಾಸನೆ, ಹುಳಿ, ಕಹಿ, ಯಾವುದರಲ್ಲೂ ವ್ಯತ್ಯಾಸವಿಲ್ಲ. ಹಂಚಿದ್ದು ಆರುವ ಮೊದಲೇ ಮುಗಿಯುತ್ತಿತ್ತು, ಇಷ್ಟೇ. ಮೂರು ಊರುಗಳಲ್ಲಿ ಸಿಂಕ್ ಖಾಲಿ ಇದ್ದದ್ದು ಈ ಒಂದು ಅಂಗಡಿಯಲ್ಲಿ.

ಮಧ್ಯಾಹ್ನ ಏರಿಯಾ ಹೆಡ್ ಬಂದರು. ಸುದರ್ಶನ್ ಎಂದು ಹೆಸರು, ತುಮಕೂರಿನ ಕಡೆಯವರು. ದೂರದ ಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಆಗುವ ಸಂತೋಷ ಇಲ್ಲಿ ಇದ್ದವರಿಗೇ ಗೊತ್ತು. ಮಗಳು ಕೂಡ ನನಗೆ ಗುಜರಾತಿಯಲ್ಲಿ ಉತ್ತರ ಕೊಡುವ ಮನೆ ನಮ್ಮದು. ಹಾಗಾಗಿ ಆತ “ಊಟ ಆಯ್ತಾ ಮೇಡಂ?” ಎಂದಾಗ ನನಗೆ ನಿಜವಾಗಿಯೂ ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಕೌಂಟರಿನ ಎದುರಿನ ಮೇಜಿಗೇ ಕೂತೆವು. ಹೆತಲ್ ಬೆನ್ ಸುದರ್ಶನ್‌ಗೆಂದು ಕಾಫಿ ಇಳಿಸತೊಡಗಿದರು.

“ಕನ್ನಡದಲ್ಲೇ ಮಾತಾಡೋಣ, ಈಯಮ್ಮನಿಗೆ ಗೊತ್ತಾಗಲ್ಲ,” ಎಂದರು ಸುದರ್ಶನ್. “ಇವಳನ್ನ ತೆಗೀಬೇಕು ಮೇಡಂ. ಖಾಲಿ ಕಪ್ ಕೊಟ್ಟಳು ಅಂತ ತೆಗೆಯೋಕೆ ರೂಲ್ಸ್‌ನಲ್ಲಿ ಜಾಗ ಇಲ್ಲ. ಕ್ವಾಲಿಟಿ ಕೆಡಿಸಿದಳು ಅಂತ ಪರೀಕ್ಷಕರು ಬರೆದುಕೊಟ್ರೆ ಆಗುತ್ತೆ. ಹಂಚಿದರೆ ರುಚಿ ಕೆಡುತ್ತೆ ಅಂತ ಒಂದು ಸಾಲು. ಟೈಪ್ ಮಾಡಿಸಿ ತಂದಿದ್ದೀನಿ, ಸಹಿ ಹಾಕಿದ್ರೆ ಸಾಕು.”

“ಈಗಷ್ಟೇ ನೋಡಿದೆ. ರುಚಿ ಕೆಡಲ್ಲ.”

“ನಾಲಿಗೆ ನಿಮ್ಮದು ಮೇಡಂ. ನೀವು ಕೆಡುತ್ತೆ ಅಂದ್ರೆ ಕೆಡುತ್ತೆ.”

“ಓದೋವಾಗ ನೀವು ಬೈ-ಟು ಕುಡೀಲಿಲ್ವಾ?”

“ಒನ್ ಬೈ ತ್ರೀನೂ ಕುಡಿದಿದ್ದೀನಿ!” ಅವರು ಜೋರಾಗಿ ನಕ್ಕರು. “ಅದು ದರ್ಶಿನಿ, ಇದು ಬ್ರ್ಯಾಂಡು. ಇವಳೊಬ್ಬಳು ಕೊಟ್ಟರೆ ನಾಳೆ ಎಲ್ಲ ಅಂಗಡೀಲೂ ಕೇಳ್ತಾರೆ. ನಾವು ನಾವು, ಇಷ್ಟಕ್ಕೆಲ್ಲ ಯಾಕೆ ಯೋಚನೆ?”

ಅಷ್ಟರಲ್ಲಿ ಹೆತಲ್ ಬೆನ್ ಕಾಫಿ ತಂದಿಟ್ಟರು. ಆತ ಒಂದು ಗುಟುಕು ಹೀರಿ, ಆಕೆಯ ಮುಖ ನೋಡಿ ನಗುತ್ತಾ, “ಬಹುತ್ ಅಚ್ಛಾ, ಬೆನ್,” ಎಂದರು. ಆಕೆಯೂ ನಕ್ಕರು. ಆಮೇಲೆ ನನ್ನ ಮುಖ ನೋಡಿದರು, ನಗು ಅರ್ಧಕ್ಕೆ ನಿಂತಿತು.

ನಾನು ಸಾಮಾನ್ಯವಾಗಿ ದನಿ ಏರಿಸುವವಳಲ್ಲ. ಹಾಲಿನವನು ಮೂರು ದಿನ ನೀರು ಬೆರೆಸಿದರೂ ನಾಲ್ಕನೆಯ ದಿನ ಮೆಲ್ಲಗೆ ಹೇಳುವವಳು. ಆದರೆ ಆ ದಿನ ನಾನು ಅಷ್ಟು ಕಾಯಲಿಲ್ಲ. ಆ ಮನುಷ್ಯ ನನ್ನ ತಾಯಿಯ ಭಾಷೆಯನ್ನು ಪರದೆ ಮಾಡಿಕೊಂಡು, ಆ ಪರದೆಯ ಹಿಂದೆ ನನ್ನನ್ನೂ ಎಳೆದು ಕೂರಿಸಿಕೊಂಡಿದ್ದ. ಯಾರ ಅನ್ನ ಹೋಗುತ್ತದೋ ಆಕೆಯ ಕೈಯಿಂದಲೇ ಕಾಫಿ ಕುಡಿಯುತ್ತಿದ್ದ. ನಾನು ಇಷ್ಟು ವರ್ಷ ಇಲ್ಲಿ ಕನ್ನಡ ಕಾಪಾಡಿಕೊಂಡದ್ದು ಇಂಥ ಮಾತು ಆಡಿಕೊಳ್ಳುವುದಕ್ಕೆ?

ನಾನು ಎದ್ದು ನಿಂತು ಹಿಂದಿಯಲ್ಲಿ, ಕಿಟಕಿಯ ಹೆಂಗಸರಿಗೂ ಕೇಳುವಂತೆ ಹೇಳಿದೆ: “ಹೆತಲ್ ಬೆನ್, ನಾವಿಬ್ಬರೂ ಇಷ್ಟು ಹೊತ್ತು ಮಾತಾಡಿದ್ದು ನಿಮ್ಮ ವಿಷಯ. ಇವರು ನಿಮ್ಮನ್ನು ಕೆಲಸದಿಂದ ತೆಗೆಯಬೇಕು ಅಂತಿದ್ದಾರೆ. ಎರಡು ಕಪ್ಪಿಗೆ ಹಂಚಿದರೆ ಕಾಫಿ ಕೆಡುತ್ತದೆ ಎಂದು ನಾನು ಸಹಿ ಹಾಕಬೇಕಂತೆ. ಕಾಫಿ ಕೆಡುವುದಿಲ್ಲ. ನಾನು ಸಹಿ ಹಾಕುವುದಿಲ್ಲ.”

“ಮೇಡಂ, ಮೇಡಂ, ಕನ್ನಡದಲ್ಲಿ ಹೇಳಿ,” ಎಂದರು ಸುದರ್ಶನ್. ಮುಖ ಕೆಂಪಾಗಿತ್ತು.

“ಈ ವಿಷಯಕ್ಕೆ ಕನ್ನಡ ಇಲ್ಲ,” ಎಂದೆ, ಅದನ್ನೂ ಹಿಂದಿಯಲ್ಲಿ.

ಹೆತಲ್ ಬೆನ್ ಅಳಲಿಲ್ಲ. ಸೆರಗಿನಷ್ಟೇ ಉದ್ದದ ಏಪ್ರನ್‌ಗೆ ಕೈ ಒರೆಸಿಕೊಂಡು ಮೇಜಿನ ಹತ್ತಿರ ಬಂದರು. “ಸಾಹೇಬ್, ಕಾಫಿ ಅಡಧಿ ಕೊಟ್ಟಿದ್ದಕ್ಕೆ ನೌಕರಿ ಪೂರ್ತಿ ತೆಗೀತೀರಾ?”

ಕಿಟಕಿಯ ಕಾಕಿ ಅಲ್ಲಿಂದಲೇ ಕೂಗಿದರು: “ಏ ಭಾಯಿ, ನಿನ್ನ ಕಪ್ಪಲ್ಲಿರೋದನ್ನ ಪೂರ್ತಿ ಕುಡಿದು ತೋರಿಸು ನೋಡೋಣ!”

ಆತ ಕುಡಿಯಲಿಲ್ಲ. ಟೈಪ್ ಮಾಡಿಸಿದ ಹಾಳೆಯನ್ನು ಮಡಚಿ ಚೀಲಕ್ಕೆ ತುರುಕಿಕೊಂಡು ಹೊರಟರು. ಬಾಗಿಲ ಬಳಿ ನಿಂತು ಕನ್ನಡದಲ್ಲೇ, “ನಮ್ಮವರೇ ಹಿಂಗೆ ಮಾಡಿದ್ರೆ ಹೆಂಗೆ ಮೇಡಂ,” ಎಂದರು. ನಮ್ಮವರು ಯಾರು ಎಂಬುದು ಆ ಹೊತ್ತಿಗೆ ನನಗೆ ಸ್ಪಷ್ಟವಾಗಿತ್ತು. ಮೇಜಿನ ಮೇಲೆ ಮುಕ್ಕಾಲು ಕಪ್ ಕಾಫಿ ಉಳಿದಿತ್ತು. ಆ ದಿನ ಅಡಾಜಣ್ ಮಳಿಗೆಯಲ್ಲಿ ಮೋರಿಗೆ ಹೋದ ಕಾಫಿ ಅದೊಂದೇ.

ನಾನು ವರದಿಯಲ್ಲಿ ಕಂಡದ್ದನ್ನು ಬರೆದೆ: ಅಹಮದಾಬಾದ್‌ನ ಎಂಜಲು ಕಪ್, ವಡೋದರಾದ ಸಿಂಕ್, ಸೂರತ್‌ನ ಎರಡು ಪುಟ್ಟ ಕಪ್. ಪರೀಕ್ಷಕಿಯ ಸಹಿ ಇಲ್ಲದೆ ಕ್ವಾಲಿಟಿಯ ದೂರು ನಿಲ್ಲಲಿಲ್ಲ, ಹೆತಲ್ ಬೆನ್ ಉಳಿದುಕೊಂಡರು. ನನ್ನ ಗುತ್ತಿಗೆಯನ್ನು ಮಾತ್ರ ಮುಂದುವರಿಸಲಿಲ್ಲ. ಕಾರಣ ಕೇಳಿದರೆ ‘ತಂಡದೊಂದಿಗೆ ಹೊಂದಾಣಿಕೆ’ ಎಂದರು. ಕೆಲವು ತಿಂಗಳ ಮೇಲೆ ಅದೇ ಅಂಗಡಿಗೆ ಹೋದಾಗ ಗೋಡೆಯ ಮೇಲೆ ಹೊಸ ಬೋರ್ಡು: ‘ಶೇರಿಂಗ್ ಕಪ್’. ಎರಡನೆಯ ಕಪ್ಪಿಗೆ ಈಗ ಇಂಗ್ಲಿಷ್ ಹೆಸರು, ಪ್ರತ್ಯೇಕ ದರ. ಯಾವುದನ್ನು ಕೊಟ್ಟಿದ್ದಕ್ಕೆ ಒಬ್ಬಳ ಅನ್ನ ಕಿತ್ತುಕೊಳ್ಳಲು ಹೊರಟಿದ್ದರೋ ಅದನ್ನೇ ಮಾರುತ್ತಿದ್ದರು. ಹೆತಲ್ ಬೆನ್ ಬೋರ್ಡಿನ ಕಡೆ ಕಣ್ಸನ್ನೆ ಮಾಡಿ, ನನ್ನ ಮುಂದೆ ಎರಡು ಕಪ್ ಇಟ್ಟರು. ಒಂದರ ಮುಂದೆ ತಾವು ಕೂತರು.

ರುಚಿ ನೋಡುವ ಕೆಲಸ ನನಗೆ ಕಲಿಸಿದ್ದು ಇಷ್ಟು. ಕೆಟ್ಟ ಕಾಫಿಯನ್ನು ಉಗಿಯಲು ಬಟ್ಟಲು ಕೊಟ್ಟಿರುತ್ತಾರೆ. ಕೆಟ್ಟ ಮಾತನ್ನು ಉಗಿಯಲು ಯಾರೂ ಬಟ್ಟಲು ಕೊಡುವುದಿಲ್ಲ. ನಮ್ಮದೇ ಭಾಷೆಯಲ್ಲಿ, ಊಟ ಆಯ್ತಾ ಎಂಬ ಅಕ್ಕರೆಯ ಜೊತೆ ಬಂದಾಗ ಅದು ಸಲೀಸಾಗಿ ಗಂಟಲಿಗೆ ಇಳಿಯುತ್ತದೆ. ನುಂಗುವ ಮೊದಲು ಒಂದು ಗಳಿಗೆ ಬಾಯಲ್ಲಿಟ್ಟು ನೋಡಬೇಕು.

ಇವೆಲ್ಲ ಆಮೇಲಿನ ಮಾತು. ಆ ಸಂಜೆ ಮನೆಗೆ ಬಂದು ಒಣಗಿದ ಬಟ್ಟೆ ಮಡಚಿದೆ, ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದೆ. ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ, “ಕೆಲಸ ಹೋಗುತ್ತೆ ಕಣೇ ನಿಂದು,” ಎಂದರು. “ಹೋಗಲಿ,” ಎಂದೆ. “ಹೋಗಲಿ ಬಿಡು,” ಎಂದು ಅವರೂ ತೆಂಗಿನಕಾಯಿ ತುರಿಯಲು ಕೂತರು. ಮೇಘನಾ ಮಾತ್ರ ನನ್ನನ್ನೇ ನೋಡುತ್ತಾ, ತೊದಲು ಕನ್ನಡದಲ್ಲಿ, “ಅಮ್ಮ, ನಂಗೆ ಬೈಯೋದು ಕನ್ನಡದಲ್ಲೇ ಇರಲಿ. ಹಿಂದಿ ಬೇಡ, ಭಯ ಆಗತ್ತೆ,” ಎಂದಳು. ಆ ದಿನದ ಮೊದಲ ನಗು ನನಗೆ ಆಗ ಬಂತು.

ಟೊಮೆಟೊ ಸಾರು, ಅನ್ನ, ಬೆಳಗಿನ ಹುರುಳಿಕಾಯಿ ಪಲ್ಯಕ್ಕೆ ಹೊಸದಾಗಿ ಕಾಯಿತುರಿ, ಸುಟ್ಟ ಹಪ್ಪಳ. ಬೆಳಿಗ್ಗೆಯಿಂದ ಸಪ್ಪೆ ತಿಂದಿದ್ದ ನಾಲಿಗೆಗೆ ಎರಡು ಹಸಿಮೆಣಸಿನಕಾಯಿ ಕಚ್ಚಿಕೊಂಡೆ. ಮೊದಲು ಮಲಗಿದ್ದು ಯಜಮಾನರು, ಆಮೇಲೆ ಮಗಳು. ಸಿಟ್ಟಿಗೋ ಅಡಾಜಣ್‌ನಲ್ಲಿ ಉಗಿಯದೆ ಕುಡಿದ ಕಾಫಿಗೋ, ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ಕಾಕಿಯೂ ಎಲ್ಲೋ ಗೂಬೆಯ ಹಾಗೆ ಕೂತಿರಬಹುದು ಎಂದುಕೊಂಡು ದೀಪ ಆರಿಸಿದೆ.