ಅಂಗೈ ತುಂಬ ರೋಸ್‌ಮರಿ

ನಮ್ಮ ಬಚ್ಚಲುಮನೆಯ ಕಿಟಕಿ ಸರಳಿಗೆ ಒಂದು ಪ್ಲಾಸ್ಟಿಕ್ ಚೀಲ ನೇತಾಡುತ್ತದೆ. ಬಾಚಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ ಅದರೊಳಗೆ ತುರುಕುವುದು ಅತ್ತೆ ಕೆರಗೋಡಿನಿಂದ ಮಂಡ್ಯಕ್ಕೆ ತಂದ ಪದ್ಧತಿ. ಕೂದಲಿಗೆ ಪಾತ್ರೆ ಕೊಡುವವನು ಮೊಪೆಡ್ಡಿನಲ್ಲಿ ಕೂಗುತ್ತ ಬಂದರೆ ಚೀಲ ಅವನ ಪಾಲು. ವರ್ಷಕ್ಕೊಮ್ಮೆ ತುಂಬುತ್ತಿದ್ದದ್ದು ಈ ಸಲ ನಾಲ್ಕೇ ತಿಂಗಳಿಗೆ ಉಬ್ಬಿತ್ತು.

"ಇಂಗೇ ಉದುರ್ತಿರ್ಲಿ ಕಣವ್ವ, ಈ ಸಲ ಕುಕ್ಕರ್ರೇ ಬತ್ತದೆ," ಎಂದರು ಅತ್ತೆ.

ನಕ್ಕೆ. ಒಳಗೆ ಹೋಗಿ ಕನ್ನಡಿಯಲ್ಲಿ ಬೈತಲೆ ನೋಡಿಕೊಂಡೆ. ಬೆಳಗಿನಿಂದ ಅದು ನಾಲ್ಕನೆಯ ಸಲ. ಮದ್ದೂರಿನಲ್ಲಿ ಅಣ್ಣನ ಮಗಳ ಮದುವೆಗೆ ಎರಡೇ ತಿಂಗಳಿತ್ತು. ಸೋದರತ್ತೆ ನಾನು, ಆರತಿ ಎತ್ತಬೇಕು. ತಲೆ ಬಗ್ಗಿಸಿದೊಡನೆ ವಿಡಿಯೋದವನ ಲೈಟು ನೇರ ನೆತ್ತಿಗೇ ಬೀಳುತ್ತದೆ. ಕಾನ್ವೆಂಟಿನಲ್ಲಿ ಎರಡು ಜಡೆ ಮಡಚಿ ಕಟ್ಟಲು ಒಂದು ಗಜ ರಿಬ್ಬನ್ ಸಾಲದವಳನ್ನು ನೆಂಟರೆಲ್ಲ ಹಾಗೆ ನೋಡಬೇಕೇ? ಒಲೆಯ ಮೇಲೆ ಹಾಲಿಟ್ಟರೂ ಕೈ ನೆತ್ತಿ ತಡಕುತ್ತಿತ್ತು.

ಕೂದಲು ಬರುತ್ತದೆಂದು ಫೋನಿನ ವಿಡಿಯೋದಲ್ಲಿ ಯಾರೋ ಹೇಳಿದ್ದು ಕೇಳಿ ರೋಸ್‌ಮರಿ ಎಣ್ಣೆ ತಂದೆ. ಹೆಬ್ಬೆರಳಿನಷ್ಟು ಕಂದು ಸೀಸೆ. ಇಂಗ್ಲಿಷಿನ ಇರುವೆಯಕ್ಷರಗಳನ್ನು ಬಿಸಿಲಿಗೆ ಹಿಡಿದು ಓದಿದೆ: ನೇರ ಹಚ್ಚಬಾರದು, ಎರಡು ಚಮಚ ಕೊಬ್ಬರಿ ಎಣ್ಣೆಗೆ ಐದು ಹನಿ. ಮೊದಲು ಮೊಣಕೈ ಒಳಗೆ ಹಚ್ಚಿ ಒಂದು ದಿನ ಕಾದೆ. ಆಮೇಲೆ ವಾರಕ್ಕೆ ಮೂರು ಸಲ, ಉಗುರು ತಾಗದಂತೆ ಬೆರಳ ತುದಿಯಿಂದ.

"ಅದೇನವ್ವ, ಸೀತಕ್ಕೆ ಅಚ್ಕಳೋ ಔಸ್ದಿ ವಾಸ್ನೆ! ತೊಟ್ಟು ತೊಟ್ಟು ಬುಟ್ರೆ ತಲೆ ತಣ್ಣಗಾದದಾ?"

"ಸುಮ್ಮನೆ ನೋಡ್ತಿದೀನತ್ತೆ," ಎಂದು ಸೀಸೆಯನ್ನು ಹರಳೆಣ್ಣೆ ಬಾಟಲಿಯ ಹಿಂದೆ ಇಟ್ಟೆ. ಮನೆಯಲ್ಲಿ ಆ ಅಕ್ಷರ ಓದಬಲ್ಲವಳು ನಾನೊಬ್ಬಳೇ. ಅವರಿಗೆ ಓದಿ ಹೇಳಬೇಕೆಂದು ಹೊಳೆಯಲೇ ಇಲ್ಲ.

ಮೂರನೆಯ ಶನಿವಾರ. ಶನಿವಾರವೆಂದರೆ ಅತ್ತೆಗೆ ಎಣ್ಣೆನೀರು: ಅಂಗೈ ತುಂಬ ಎಣ್ಣೆ ಸುರಿದುಕೊಂಡು ನೆತ್ತಿಗೆ ಪಟಪಟ ತಟ್ಟಬೇಕು. ಆ ಸದ್ದು ಕೇಳಿತು. ಹಿಂದೆಯೇ ಕೂಗು.

"ಬಾರವ್ವ ಬೇಗ, ತಲೆ ಉರ್ದೋಯ್ತದೆ!"

ಓಡಿದೆ. ಕಂದು ಸೀಸೆ ಅರ್ಧ ಖಾಲಿ. ಅತ್ತೆ ಚೊಂಬು ಚೊಂಬು ನೀರು ಸುರಿದುಕೊಳ್ಳುತ್ತಿದ್ದರು; ಎಣ್ಣೆ ನೀರಿಗೆ ಹೋಗುತ್ತದೆಯೇ? ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ಬಟ್ಟೆಯಿಂದ ಒರೆಸಿದೆ, ಸೀಗೆಪುಡಿಯಲ್ಲಿ ಎರಡು ಸಲ ತೊಳೆದೆ. ಅಷ್ಟು ಹತ್ತಿರದಿಂದ ಅವರ ತಲೆ ನೋಡಿದ್ದು ಅಂದೇ. ನಡುನೆತ್ತಿಯಲ್ಲಿ ಚಕ್ಕುಲಿಯಗಲ ಬೋಳು, ಕೆಂಪಗೆ. ತಲೆ ಮೇಲಿನ ಸೆರಗನ್ನು ಸೊಸೆಯಾಗಿ ಬಂದ ಹದಿನೆಂಟು ವರ್ಷವೂ ಹಿರಿಯರ ಮರ್ಯಾದೆ ಎಂದೇ ತಿಳಿದಿದ್ದೆ.

"ನಂಗ್ಯಾಕೆ ಕೇಳಲಿಲ್ಲ ಅತ್ತೆ?"

"ಏನಂತ ಕೇಳ್ಲಿ? ಮುದ್ಕಿಗ್ಯಾಕೆ ಸೋಕಿ ಅನ್ನಾಕಿಲ್ವಾ? ಮದ್ದೂರಲ್ಲಿ ಗಾಳಿಗೆ ಸೆರಗು ಆರೋದ್ರೆ? ನಿಂಗೊಬ್ಳಿಗೇನಾ ಕೂದ್ಲು ಉದ್ರಾದು?"

ಅವರು ಮಲಗಿದ ಮೇಲೆ ಚೀಲ ಬಿಚ್ಚಿದೆ. ಅರ್ಧದಷ್ಟು ಉಂಡೆಗಳು ಬಿಳಿ. ದಿನಾ ನೋಡಿ ಹೆದರುತ್ತಿದ್ದೆ, ಬಣ್ಣ ಮಾತ್ರ ನೋಡಿರಲಿಲ್ಲ.

ಕೆಂಪು ಇಳಿಯಲು ಒಂದು ವಾರವಾಯಿತು. ವೈದ್ಯೆ ಇಬ್ಬರಿಗೂ ರಕ್ತ ಪರೀಕ್ಷೆ ಬರೆದರು. ನನಗೆ ಕಬ್ಬಿಣದಂಶದ ಮಾತ್ರೆ ಕೊಟ್ಟರು. ಅತ್ತೆಗೆ ಬರೀ ಕೊಬ್ಬರಿ ಎಣ್ಣೆ, ನಾನೇ ತಟ್ಟುತ್ತಿದ್ದೆ. ನನ್ನ ಐದು ಹನಿ ಅವರು ಎಣಿಸುತ್ತಿದ್ದರು. "ಬಂತಾ?" ಎಂದು ಅವರು, "ಬಂತಾ?" ಎಂದು ನಾನು. ಎರಡು ತಿಂಗಳಿಗೆ ಏನು ಬಂದೀತು!

ಮದುವೆಯ ದಿನ ಆರತಿ ತಟ್ಟೆ ಹಿಡಿದು ಬಗ್ಗಿದೆ. ನೆತ್ತಿಗೆ ಲೈಟು ಬಿಸಿಯಾಗಿ ತಾಗಿತು. ಬೇಗ ಬೇಗ ಆರತಿ ಬೆಳಗಿದೆ. ಇಳಿದು ಬಂದು ಮೊದಲ ಸಾಲಿನಲ್ಲಿದ್ದ ಅತ್ತೆಯ ಪಕ್ಕ ಕೂತೆ.

"ಕಾಣ್ತಾ ಅತ್ತೆ?"

"ವಸಿ ಕಾಣ್ತು. ಯಾರ್ ನೋಡಿದ್ರು ಬುಡು, ಎಲ್ರೂ ಹೆಣ್ಣಿನ ಸರ ನೋಡ್ತಿದ್ರು." ಆಮೇಲೆ ದನಿ ತಗ್ಗಿಸಿ, "ನಂದು?"

ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು.

"ಇಲ್ಲತ್ತೆ," ಎಂದೆ, ಜಾರಿದ್ದ ಸೆರಗನ್ನು ಮುಂದಕ್ಕೆಳೆಯುತ್ತ.