ಜೇವರ್ಗಿಯಲ್ಲಿ ಸಮುದ್ರದ ಉಬ್ಬರ

ನಮ್ಮ ಜವಳಿ ಅಂಗಡಿಯ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿ, ಎರಡು ತಿಂಗಳಿಂದ ಸಮುದ್ರದ ಉಬ್ಬರವಿಳಿತದ ವೇಳಾಪಟ್ಟಿ ತೂಗಾಡುತ್ತಿದೆ. ಅಂಗಡಿ ಇರುವುದು ಜೇವರ್ಗಿಯಲ್ಲಿ. ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗುವುದರೊಳಗೆ ಒಂದು ಇಡೀ ದಿನ ಮುಗಿದು ಹೋಗುತ್ತದೆ. ಆದರೂ ಇವತ್ತು ಎಷ್ಟು ಗಂಟೆಗೆ ನೀರು ಏರುತ್ತದೆ, ಎಷ್ಟು ಗಂಟೆಗೆ ಇಳಿಯುತ್ತದೆ ಎಂದು ಕೇಳಿ, ಬಟ್ಟೆ ಅಳೆಯುವುದನ್ನು ನಿಲ್ಲಿಸದೆಯೇ ಹೇಳಬಲ್ಲೆ. ಮೊದಮೊದಲು ಗಿರಾಕಿಗಳು ಅದನ್ನು ಬಸ್ಸಿನ ಟೈಮು ಎಂದುಕೊಂಡರು. ನೆಲೋಗಿಯ ಹಿರಿಯರೊಬ್ಬರು ಅದನ್ನೇ ನಂಬಿ ಸ್ಟ್ಯಾಂಡಿಗೆ ಹೋಗಿ ನಿಂತರು. ದುರದೃಷ್ಟಕ್ಕೆ ಆ ಹೊತ್ತಿಗೆ ಸರಿಯಾಗಿ ಬಸ್ಸೂ ಬಂತು. ಅಲ್ಲಿಂದ ಪಟ್ಟಿಯ ಮರ್ಯಾದೆ ಹೆಚ್ಚಿತು.

ಇದು ಬಸ್ಸಿನದಲ್ಲ, ನೀರು ಏರುವ ಇಳಿಯುವ ಹೊತ್ತು ಎಂದು ನಾನು ತಿಳಿಸಿ ಹೇಳಿದ್ದು ಇನ್ನೂ ದೊಡ್ಡ ತಪ್ಪಾಯಿತು. ಮದುವೆಯ ಜವಳಿ ತೆಗೆಯಲು ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, ಈಗ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ವಿಚಾರಿಸತೊಡಗಿದರು. ನೀರು ಏರುವಾಗ ತೆಗೆದ ಸೀರೆ ಸೊಸೆಗೆ ಒಳ್ಳೆಯದು ಎಂಬ ಮಾತನ್ನು ಯಾರು ಹುಟ್ಟಿಸಿದರೋ ನಾನರಿಯೆ. ಇಳಿಯುವ ಹೊತ್ತಿಗೆ ಬಂದ ಒಂದು ಬೀಗರ ತಂಡವಂತೂ ನನ್ನ ಗಾದಿಯ ಮೇಲೆ ಎರಡು ತಾಸು ಕುಳಿತು, ಮೂರು ಸಲ ಚಹಾ ಕುಡಿದು, ಅರಬ್ಬಿ ಸಮುದ್ರ ಮನಸ್ಸು ಬದಲಿಸುವುದನ್ನು ಕಾಯಿತು. ಎಲ್ಲ ಹೊತ್ತೂ ಶಿವನದೇ ಎಂದು ನಂಬಿ, ಮುಹೂರ್ತ ನೋಡದೆ ಮದುವೆ ಮಾಡುವ ಮನೆತನ ನಮ್ಮದು. ಅಂಥವರ ಅಂಗಡಿಯಲ್ಲಿ ಸಮುದ್ರವೇ ಪಂಚಾಂಗವಾಗಿ ಕುಳಿತಿದ್ದು ನೋಡಿ ಅಕ್ಕ ಹಣೆ ಚಚ್ಚಿಕೊಂಡಳು. ಆದರೆ ಪಟ್ಟಿಯನ್ನು ತೆಗೆಯುವಂತಿರಲಿಲ್ಲ. ಅದನ್ನು ತೂಗುಹಾಕಿಸಿದ್ದೇ ಅವಳು.

ಅಕ್ಕ ನೆಲೋಗಿಯ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಿಯಾಗಿ ಈಗ ನಮ್ಮ ಮನೆಯಲ್ಲಿದ್ದಾಳೆ. ಇಷ್ಟು ವರ್ಷಗಳಲ್ಲಿ ಅವಳ ಮಾತು ಕೇಳದವು ಅವಳ ಎರಡು ಮೊಣಕಾಲು ಮಾತ್ರ. ತಾನು ಜನ್ಮದಲ್ಲಿ ಒಂದೇ ಸುಳ್ಳು ಹೇಳಿದ್ದೇನೆ ಎಂದು ಅವಳ ಲೆಕ್ಕ. ಮೂವತ್ತೈದು ವರ್ಷದ ಹಿಂದೆ ನಾಲ್ಕನೇ ಇಯತ್ತೆಯ ಮಕ್ಕಳಿಗೆ, ದ್ವೀಪ ಎಂದರೆ ನಾಲ್ಕೂ ಕಡೆ ನೀರಿರುವ ನೆಲ, ಸಮುದ್ರದ ನೀರು ಉಪ್ಪು ಎಂದು ಹೇಳಿಕೊಡುತ್ತಿದ್ದಾಗ ಮಹಿಬೂಬ ಎಂಬ ಹುಡುಗ ಎದ್ದು ನಿಂತ. ನಮ್ಮ ಕಡೆ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. “ಅಕ್ಕೋರೆ, ನೀವು ಸಮುದ್ರ ನೋಡೀರೇನ್ರಿ?” ಎಂದು ಕೇಳಿದ. ಇಡೀ ವರ್ಗ ಅವಳ ಮುಖ ನೋಡಿತು. ಭೀಮಾ ನದಿಗಿಂತ ದೊಡ್ಡ ನೀರನ್ನು ಕಂಡಿರದ ಅಕ್ಕ, “ನೋಡೇನಿ, ಕುಂದ್ರು,” ಎಂದುಬಿಟ್ಟಳು.

ಹುಡುಗ ಕುಳಿತ. ಸುಳ್ಳು ಕುಳಿತುಕೊಳ್ಳಲಿಲ್ಲ. ಅದು ಅಕ್ಕನನ್ನು ಇಷ್ಟು ವರ್ಷ ಕಾಡುತ್ತಲೇ ಬಂದಿದೆ, ಅದನ್ನು ನೆನೆದಾಗೆಲ್ಲ ಅವಳ ಮುಖ ಸಣ್ಣದಾಗುವುದನ್ನು ನಾನೇ ಕಂಡಿದ್ದೇನೆ. ಮಹಿಬೂಬ ಈಗ ಜೇವರ್ಗಿಯಲ್ಲೇ ಬಾಡಿಗೆಯ ಕ್ರೂಸರ್ ಗಾಡಿ ಓಡಿಸುತ್ತಾನೆ, ಎದುರಾದಾಗಲೆಲ್ಲ ಬಗ್ಗಿ ಸಲಾಮು ಮಾಡುತ್ತಾನೆ. ಮೊಣಕಾಲು ಪೂರಾ ಕೈಕೊಡುವ ಮೊದಲು ಅವನದೇ ಗಾಡಿಯಲ್ಲಿ ಸಮುದ್ರಕ್ಕೆ ಹೋಗಿ, ನೀರಿನಲ್ಲಿ ನಿಂತು ಅವನಿಗೆ ನಿಜ ಹೇಳಬೇಕೆಂಬುದು ಅಕ್ಕನ ಹಟ. ಅದನ್ನು ಇಲ್ಲೇ ಹೇಳಿಬಿಡಬಾರದೇ ಎಂದು ನಾನು ಕೇಳಿದೆ. “ಇಲ್ಲಿ ಹೇಳಿದರ ಬರೇ ತಪ್ಪ ಒಪ್ಪಿಕೊಂಡಂಗ ಆಗ್ತದ. ಅಲ್ಲಿ ನಿಂತು ಹೇಳಿದರ ಪಾಠ ಪೂರಾ ಆಗ್ತದ,” ಎಂದಳು. ಅಲ್ಲಿಯತನಕ ಅವನ ಮುಂದೆ ಸಮುದ್ರ ಕಂಡವಳಂತೆಯೇ ಇರಬೇಕು, ನಾನು ಬಾಯಿ ಬಿಡಬಾರದು ಎಂದು ನನ್ನಿಂದ ಆಣೆ ಮಾಡಿಸಿಕೊಂಡಳು.

ಬರೀ ಸಮುದ್ರ ಸಾಕಾಗಲಿಲ್ಲ, ದ್ವೀಪವೇ ಬೇಕೆಂದಳು. ಪಾಠದಲ್ಲಿ ಎರಡೂ ಇದ್ದವಲ್ಲ. ಮೊಬೈಲಿನಲ್ಲಿ ಹುಡುಕಿದಾಗ ಕರಾವಳಿಯಲ್ಲಿ ಒಂದು ಸಿಕ್ಕಿತು, ಫೋಟೋ ಸಮೇತ. ಒಂದು ಕಡೆ ಸಮುದ್ರ, ಉಳಿದ ಮೂರು ಕಡೆ ಹಿನ್ನೀರು, ನಡುವೆ ಉದ್ದಕ್ಕೆ ಮಲಗಿದ ಬಿಳಿ ಮರಳಿನ ಪಟ್ಟಿ. ನೀರು ಏರಿದಾಗ ಮಾತ್ರ ದೋಣಿ ಆ ದಡ ಮುಟ್ಟುತ್ತದೆ, ಹೊತ್ತು ನೋಡಿಕೊಂಡು ಬನ್ನಿ ಎಂದು ಅಲ್ಲಿನ ದೋಣಿಯವನು ಫೋನಿನಲ್ಲಿ ಹೇಳಿದ. ವೇಳಾಪಟ್ಟಿ ನನ್ನ ಗೋಡೆಗೆ ಬಂದದ್ದು ಹೀಗೆ.

ಎರೆ ಮಣ್ಣಿನ ನಮಗೆ ಮರಳು ಎಂದರೆ ಮನೆ ಕಟ್ಟುವ ಸಾಮಾನು. ಎದುರಿನ ಮನೆ ಕಟ್ಟುತ್ತಿರುವ ಗೌಂಡಿ ಶರಣಪ್ಪ ಆ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಆಮೇಲೆ, ಇಷ್ಟು ಉಸುಕು ಬಿದ್ದಿದ್ದರೂ ಒಬ್ಬರಾದರೂ ಟ್ರ್ಯಾಕ್ಟರ್ ಯಾಕೆ ತಂದಿಲ್ಲ, ಗೋಡೆಯ ಗಿಲಾವಿಗೆ ಇದು ಬರುವುದಿಲ್ಲವೇ ಎಂದು ಕೇಳಿದ. ಜನ ಅದರ ಮೇಲೆ ಮಲಗುತ್ತಾರೆ ಎಂದೆ. ಮನೆಯಿಲ್ಲದವರೇ ಎಂದು ಮರುಗಿದ.

ಯೋಜನೆಯ ಸಭೆಗಳು ಅಂಗಡಿಯಲ್ಲೇ ನಡೆದವು. ಮಹಿಬೂಬನೂ ಈ ವಿಷಯದಲ್ಲಿ ಸಾಮಾನ್ಯನಲ್ಲ. ಹಲವು ಪಾರ್ಟಿಗಳನ್ನು ಸಮುದ್ರಕ್ಕೆ ಕರೆದೊಯ್ದವನೆಂದು ಅವನಿಗೆ ಹೆಸರಿದೆ, ಗಾಡಿಯ ಹಿಂಬಾಗಿಲ ಮೇಲೆ ಹಡಗಿನ ಚಿತ್ರವಿದೆ. ಇಬ್ಬರು ತಜ್ಞರಲ್ಲಿ ಒಬ್ಬನಾದರೂ ನಿಜವಾದವನೆಂದು ನಾನು ನಿರಾಳವಾಗಿದ್ದೆ. ಆದರೆ ಏನು ಕೇಳಿದರೂ ಅವನು, ಅಕ್ಕೋರಿಗಿಂತ ನನಗೇನು ಹೆಚ್ಚು ಗೊತ್ತು ಎನ್ನುವನು. ಅಕ್ಕ, ಈಚೆಗೆ ಹೋಗಿ ಬಂದವನು ನೀನಲ್ಲವೇ ಎನ್ನುವಳು. ಸೊಳ್ಳೆ ಇರುತ್ತವೆಯೇ ಎಂಬ ಒಂದು ಪ್ರಶ್ನೆ ಅವರಿಬ್ಬರ ನಡುವೆ ವೀಳ್ಯದ ತಟ್ಟೆಯಂತೆ ನಾಲ್ಕು ಸಲ ಓಡಾಡಿ, ಉತ್ತರವಿಲ್ಲದೆ ನನ್ನ ಬಳಿಗೇ ಬಂತು. ಇಷ್ಟು ವಿನಯವನ್ನು ನಾನು ಬೀಗರ ನಡುವೆಯೂ ಕಂಡಿಲ್ಲ.

ಇಬ್ಬರೂ ಖಚಿತವಾಗಿ ಹೇಳಿದ ಮಾತು ಒಂದೇ: ನೀರು ಉಪ್ಪು, ಕುಡಿಯಲು ಬರುವುದಿಲ್ಲ. ಹಾಗಾಗಿ ಎಂಟು ಕ್ಯಾನು ನೀರು ಒಯ್ಯುವುದೆಂದಾಯಿತು. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಊರಿನಿಂದ ಸಮುದ್ರಕ್ಕೆ ನೀರು ಹೊತ್ತ ಮೊದಲಿಗರು ನಾವೇ ಇರಬೇಕು. ಅಲ್ಲಿ ಮೀನು ಬಿಟ್ಟು ಬೇರೇನೂ ಸಿಗಲಿಕ್ಕಿಲ್ಲವೆಂದು ನನ್ನ ಹೆಂಡತಿ ಡಬ್ಬಿಗಟ್ಟಲೆ ಖಡಕ್ ರೊಟ್ಟಿ ತಟ್ಟಿಟ್ಟಳು. ಸಮುದ್ರದ ಗಾಳಿಗೆ ರೊಟ್ಟಿ ಮೆತ್ತಗಾಗುತ್ತವೆಯೇ ಎಂದು ಅವಳು ಕೇಳಿದಾಗ ತಜ್ಞರಿಬ್ಬರೂ ಫ್ಯಾನಿನ ಕಡೆ ನೋಡಿದರು.

ನಡುವೆ ನನಗೇ ಹಿಂಜರಿಕೆ ಬಂತು. ನಿಮ್ಮ ಮುಂದೆ ಮುಚ್ಚಿಡುವುದೇನು, ನನಗೆ ನೀರೆಂದರೆ ಭಯ. ಬಕೆಟ್ಟಿನ ಸ್ನಾನ ಬಿಟ್ಟು ಬೇರೆಯದು ಗೊತ್ತಿಲ್ಲ. ಅದೇ ಹೊತ್ತಿಗೆ ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಗಿರಾಕಿಯೊಬ್ಬರು ಅಂಗಿಯ ಬಟ್ಟೆ ಆರಿಸುತ್ತ, ನಮ್ಮ ಮನೆಗಳಿಗೆಲ್ಲ ಹಾಸಿರುವ ಶಹಾಬಾದ್ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳದ ಕೆಸರಾಗಿತ್ತು ಎಂದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಓಡಿಹೋಗಿ ಅಕ್ಕನಿಗೆ, ನೀನು ಹುಟ್ಟಿದಾಗಿನಿಂದ ಸಮುದ್ರದ ಮೇಲೆಯೇ ಓಡಾಡಿದ್ದೀಯ, ಹೇಳಿದ್ದು ಸುಳ್ಳಲ್ಲ, ಇನ್ನು ಹೋಗುವ ಜರೂರಿಲ್ಲ ಎಂದೆ. ಅಕ್ಕ ಕೋಲಿನಿಂದ ನೆಲದ ಹಾಸುಗಲ್ಲನ್ನು ಕುಟ್ಟಿ ನೋಡಿದಳು.

“ನೀರ ಎಲ್ಲಿ ಅವೋ ತಮ್ಮಾ?” ಎಂದಳು.

ನಾನು ಅಂಗಡಿಗೆ ಮರಳಿದೆ.

ಉಳಿದದ್ದು ಮರಳಿನಲ್ಲಿ ನಡೆಯುವ ತಾಲೀಮು. ಅಂಗಡಿಯ ಎದುರು ಶರಣಪ್ಪ ಕಟ್ಟುತ್ತಿರುವ ಮನೆಯ ಮುಂದೆ ಭೀಮಾ ತೀರದ ಮಣ್ಣೂರಿನ ಕಡೆಯಿಂದ ಬಂದ ಮರಳಿನ ಗುಡ್ಡೆಯಿತ್ತು. ದಿನಾ ಬೆಳಿಗ್ಗೆ ಅಕ್ಕ ಕೋಲೂರಿಕೊಂಡು ಅದರ ಮೇಲೆ ಹತ್ತುತ್ತಿದ್ದಳು, ಪಕ್ಕದಲ್ಲಿ ಅನುಭವಿ ಮಹಿಬೂಬ. ನಾನು ಎದುರಿನಿಂದ ವೇಳಾಪಟ್ಟಿ ನೋಡಿ, ಈಗ ನೀರು ಏರುತ್ತಿದೆ ಎಂದು ಕೂಗಿ ಹೇಳುತ್ತಿದ್ದೆ. ದಾರಿಹೋಕರು ನಿಂತು ನೋಡುತ್ತಿದ್ದರು. ಆರನೆಯ ದಿನ ಕೋಲು ಮೊಳದುದ್ದ ಹೂತು, ಅಕ್ಕ ಮರಳಿನ ಮೇಲೆ ಕುಸಿದು ಕುಳಿತಳು. ನಾನು ಓಡಿಬಂದೆ. ಪೆಟ್ಟೇನೂ ಆಗಿರಲಿಲ್ಲ. ಆದರೆ ಕಣ್ಣು ತುಂಬಿದ್ದವು. ಈ ಗುಡ್ಡೆಯನ್ನೇ ದಾಟಲಾಗದವಳು ಆ ದಡ ಮುಟ್ಟುವುದುಂಟೇ ಎಂದು ಅವಳಿಗೆ ಅನ್ನಿಸಿತ್ತು.

“ಮಹಿಬೂಬ, ನಾ ಸಮುದ್ರ ನೋಡಿಲ್ಲೋ. ಆವತ್ತ ನಿನಗ ಸುಳ್ಳ ಹೇಳೇನಿ,” ಎಂದಳು.

ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. ಹೂತ ಕೋಲನ್ನು ಮರಳಿನಿಂದ ಕಿತ್ತು ಬದಿಗಿಟ್ಟ.

“ನಾನೂ ನೋಡಿಲ್ರಿ ಅಕ್ಕೋರೆ. ನನ್ನ ಗಾಡಿ ಸೋಲಾಪುರ ದಾಟಿಲ್ಲ. ಎಲ್ಲಾರಿಗೂ ನೋಡೇನಿ ಅಂತ ಹೇಳಕೋತ ಬಂದೇನ್ರಿ, ನಿಮ್ಮ ಮಾತಿನ ಮ್ಯಾಲ. ಮನ್ಯಾಗ ಮಕ್ಕಳಿಗೂ ಅದನ್ನ ಹೇಳೇನಿ.”

ಅಕ್ಕ ಕಣ್ಣೊರೆಸಿಕೊಂಡಳು. ಮಕ್ಕಳಿಗೆ ಏನಂತ ಹೇಳಿದ್ದೀ ಎಂದು ಶಾಲೆಯ ದನಿಯಲ್ಲಿ ಕೇಳಿದಳು. ನಲವತ್ತೈದರ ಆಸುಪಾಸಿನ ಮಹಿಬೂಬ ಎದ್ದು, ಕೈಕಟ್ಟಿ ನಿಂತು, ದ್ವೀಪ ಎಂದರೆ ನಾಲ್ಕೂ ಕಡೆ ನೀರಿರುವ ನೆಲ, ಸಮುದ್ರದ ನೀರು ಉಪ್ಪು ಎಂದು ಒಂದು ಅಕ್ಷರ ತಪ್ಪದೆ ಒಪ್ಪಿಸಿದ.

“ಉತ್ತರ ಬರೋಬ್ಬರಿ ಅದ,” ಎಂದಳು ಅಕ್ಕ. “ಆದರ ನೀರ ಬಾಯಾಗ ಹಾಕೋತನಕ ಮಾರ್ಕ್ಸ್ ಇಲ್ಲ. ನಿನಗೂ ಇಲ್ಲ, ನನಗೂ ಇಲ್ಲ.” ಅವನು ಕೈ ಚಾಚಿದ. ಅವಳು ಹಿಡಿದು ಎದ್ದಳು. ಅಲ್ಲಿ ಕೋಲು ಬೇಡ, ತನ್ನ ಹೆಗಲು ಸಾಕು ಎಂದು ಅವನೇ ಹೇಳಿದ. ತಾಲೀಮು ಅಲ್ಲಿಗೆ ಮುಗಿಯಿತು.

ಬರುವ ವಾರ ಹೊರಡುತ್ತೇವೆ. ಮಹಿಬೂಬನ ಮಕ್ಕಳೂ ಬರುತ್ತಿದ್ದಾರೆ, ಆದ್ದರಿಂದ ನೀರಿನ ಕ್ಯಾನು ಹನ್ನೆರಡಾಗಿವೆ. ತಜ್ಞರಿಬ್ಬರೂ ಒಂದೇ ದಿನ ರಾಜೀನಾಮೆ ಕೊಟ್ಟದ್ದರಿಂದ ಊರಲ್ಲಿ ಸಮುದ್ರ ಬಲ್ಲವನೆಂದು ಉಳಿದವನು ಪಟ್ಟಿ ಓದುವ ನಾನೊಬ್ಬನೇ. ನಿನ್ನೆ ಅಫಜಲಪುರದ ಕಡೆಯ ಒಂದು ಕುಟುಂಬ ಜವಳಿಗೆ ಬಂದಿತ್ತು. ನೀರು ಏರುವ ಹೊತ್ತು. ಸೀರೆಗಳು ಗಾದಿಯ ತುಂಬ ಹರಡಿದ್ದವು, ಒಂದು ಅವರ ಮನಸ್ಸಿಗೂ ಬಂದಾಗಿತ್ತು. ಅಷ್ಟರಲ್ಲಿ ಆ ಮನೆಯ ಹಿರಿಯಾಕೆ ಪಟ್ಟಿಯನ್ನು ನೋಡಿ, ನನ್ನನ್ನು ನೋಡಿ, ನೀವು ಸಮುದ್ರ ನೋಡಿದ್ದೀರೇನು ಎಂದು ಕೇಳಿದರು.

ನೋಡೇನಿ ಎಂಬ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆಂದು ನನಗೆ ಆಗ ತಿಳಿಯಿತು. ಮೂಲೆಯ ಕುರ್ಚಿಯಲ್ಲಿ ಅಕ್ಕ ಕನ್ನಡಕದ ಮೇಲಿಂದ ನೋಡುತ್ತಿದ್ದಳು. ನಾನು ಎದ್ದು ನಿಂತೆ. ಯಾಕೆ ಎದ್ದೆನೋ, ಕಾಲು ತಾವಾಗಿಯೇ ಎದ್ದವು.

“ಇಲ್ರಿ, ನೋಡಿಲ್ಲ. ಬರೋ ವಾರ ನೋಡಿ ಬಂದು ಹೇಳ್ತೇನಿ,” ಎಂದೆ.

ಆಕೆ ಸೀರೆಯನ್ನು ಮೆಲ್ಲಗೆ ಬದಿಗಿಟ್ಟು, ಹಾಗಾದರೆ ನಾವೂ ಬರುವ ವಾರವೇ ಬರುತ್ತೇವೆ ಎಂದು ತಂಡದೊಂದಿಗೆ ಹೊರಟುಹೋದರು. ನಾನು ಹರಡಿದ ಸೀರೆಗಳ ನಡುವೆ ಇನ್ನೂ ನಿಂತೇ ಇದ್ದೆ.

“ಕುಂದ್ರು,” ಎಂದಳು ಅಕ್ಕ. ಅಂದು ಮಹಿಬೂಬನಿಗೆ ಅಂದದ್ದೂ ಅದೇ ಮಾತು. ಈ ಸಲ ಅವಳು ನಗುತ್ತಿದ್ದಳು.